ಬಾರ್ಟೋಕ್ ನೆರೆಯೂರಿನ ಬ್ಲ್ಯಾಕ್ ಮೆಟಲ್

ಹಂಗೆರಿಯ ‘ದೈ ಕ್ಯಾಟಫಾಲ್ಕ್’ ತಂಡ 2009ರಲ್ಲಿ ಹೊರತಂದ ‘ರೋಕಾ ಹಶಾ ರಾದಿಯೋ’ ಆಲ್ಬಮ್ಮಿನ ಮಾತು ಬಂದಾಗಲೆಲ್ಲ ಒಂದು ಸಿದ್ಧ ವಿವರಣೆ ಎದುರಾಗುತ್ತದೆ. ಬ್ಲ್ಯಾಕ್ ಮೆಟಲ್ ಎಂಬ ಉಗ್ರ ಸಂಗೀತ ಪ್ರಕಾರ ನಾರ್ವೆಯಲ್ಲಿ ಬೆಳೆದು ಯುರೋಪಿನ ಮೂಲೆಮೂಲೆಗೆ ಹರಡಿತು. ಹಂಗೆರಿಯ ಸಣ್ಣ ಊರೊಂದರ ವಿಲಕ್ಷಣ ಪ್ರತಿಭಾವಂತನೊಬ್ಬ ಅದಕ್ಕೆ ಸಿಂಥಸೈಜರನ್ನೂ ಜಾನಪದ ಧಾಟಿಯನ್ನೂ ಬೆರೆಸಿದ. ಆ ಬೆರಕೆಗೆ ‘ಅವಾಂಟ್-ಗಾರ್ಡ್’ ಎಂಬ ಚೀಟಿ ಅಂಟಿಸಿದರೆ ಕೆಲಸ ಮುಗಿಯಿತು. ನನಗೆ ಈ ವಿವರಣೆ ತಲೆಕೆಳಗಾದಂತೆ ಕಾಣುತ್ತದೆ. ಹೊರಗಿನಿಂದ ತಂದ ಸಂಗೀತಕ್ಕೆ ಹಳ್ಳಿಯ ಹಾಡಿನ ಒಗ್ಗರಣೆ ಹಾಕಿದ್ದಲ್ಲ ಇದು. ಅತಿ ಹಳೆಯದನ್ನು ಹಿಡಿದು ಅತಿ ಹೊಸದನ್ನು ಕಟ್ಟುವ ರೂಢಿಯೊಂದು ಆ ದೇಶದಲ್ಲಿ ನೂರು ವರ್ಷದಿಂದ ಇದೆ. ಈ ಆಲ್ಬಮ್ ಸೇರುವುದು ಆ ಸಾಲಿಗೆ.

ಮೊದಲು ನಾರ್ವೆಯ ಸಾಲದ ಲೆಕ್ಕ ನೋಡೋಣ. ಕಮ್ಯುನಿಸ್ಟ್ ಹಂಗೆರಿಯ ಸಾಂಸ್ಕೃತಿಕ ಸೂತ್ರಧಾರ ಗ್ಯೋರ್ಗ್ ಅತ್ಸೇಲ್ ಕಾಲದಲ್ಲಿ ಕಲೆಗೆ ಮೂರೇ ದರ್ಜೆ: ಸರ್ಕಾರ ಪೋಷಿಸಿದ್ದು, ಸಹಿಸಿಕೊಂಡದ್ದು, ನಿಷೇಧಿಸಿದ್ದು. ಬುಡಾಪೆಸ್ಟಿನ ‘ಟಾರ್ಮೆಂಟರ್’ ತಂಡದ ಹುಡುಗರು 1988ರಲ್ಲಿ ಧ್ವನಿಮುದ್ರಿಸಿದ ‘ಆನೋ ಡಾಮಿನಿ’ಗೆ ಆ ವ್ಯವಸ್ಥೆಯಲ್ಲಿ ಜಾಗ ಸಿಗಲಿಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ, ಅಂಚೆಯಲ್ಲಿ ಕೈಬದಲಾಗಿ ಅದು ಗಡಿ ದಾಟಿತು. ಕೇಳಿದವರಲ್ಲಿ ನಾರ್ವೆಯ ‘ಮೇಹೆಮ್’ ತಂಡದವರೂ ಇದ್ದರು. ತಮ್ಮ ಗಾಯಕ ತೀರಿಕೊಂಡ ಮೇಲೆ ಅವರು ಕರೆಸಿಕೊಂಡದ್ದು ಟಾರ್ಮೆಂಟರಿನ ಆತ್ತಿಲಾ ಚಿಹಾರ್ ಅವರನ್ನು. 1994ರಲ್ಲಿ ಬಂದ ಮೇಹೆಮ್‌ನ ‘ಡೇ ಮಿಸ್ಟೀರಿಸ್ ಡಾಮ್ ಸಥಾನಸ್’ ಈ ಪ್ರಕಾರದ ಮೂಲಗ್ರಂಥವೆಂದೇ ಹೆಸರಾಗಿದೆ, ಮತ್ತು ಅದರಲ್ಲಿ ಹಾಡಿದವರು ಹಂಗೆರಿಯವರು. ಎಲ್ಲವೂ ಹಂಗೆರಿಯಲ್ಲೇ ಹುಟ್ಟಿತೆಂದು ಇದರಿಂದ ಸಾಧಿಸಿದಂತಾಗುವುದಿಲ್ಲ. ಕೊಡು-ಕೊಳ್ಳುವಿಕೆ ಎರಡು ದಿಕ್ಕಿನದಾಗಿತ್ತು ಎಂಬುದಂತೂ ನಿಲ್ಲುತ್ತದೆ.

ಆದರೆ ದೈ ಕ್ಯಾಟಫಾಲ್ಕ್‌ನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ತಮಾಶ್ ಕಾತಾಯ್ ಮತ್ತು ಯಾನೋಶ್ ಯುಹಾಸ್ 1998ರಲ್ಲಿ ತಂಡ ಕಟ್ಟಿದ ಮಕೋ, ಈರುಳ್ಳಿ ಬೆಳೆಗೆ ಹೆಸರಾದ, ಮರೋಶ್ ನದಿಯ ಬಯಲಿನ ಊರು. ಅಲ್ಲಿಂದ ಅಷ್ಟೇನೂ ದೂರವಲ್ಲದ, 1920ರ ಟ್ರಿಯಾನನ್ ಒಪ್ಪಂದದ ನಂತರ ರುಮೇನಿಯಾಕ್ಕೆ ಸೇರಿದ ನಾಗ್ಯ್‌ಸೆಂಟ್‌ಮಿಕ್ಲೋಶ್‌ನಲ್ಲಿ 1881ರಲ್ಲಿ ಸಂಗೀತ ರಚನಕಾರ ಬೇಲಾ ಬಾರ್ಟೋಕ್ ಹುಟ್ಟಿದರು. ಹೋಟೆಲುಗಳಲ್ಲಿ ಜಿಪ್ಸಿ ವಾದ್ಯಗೋಷ್ಠಿಗಳು ನುಡಿಸುತ್ತಿದ್ದುದೇ ಹಂಗೆರಿಯ ಸಂಗೀತ ಎಂದು ಲಿಸ್ಟ್‌ನಂಥವರೂ ನಂಬಿದ್ದ ಕಾಲ ಅದು. ಬಾರ್ಟೋಕ್ ಮತ್ತು ಅವರ ಜೊತೆಗಾರ ಜೊಲ್ತಾನ್ ಕೊದಾಯ್ ಎಡಿಸನ್ನನ ಫೋನೋಗ್ರಾಫ್ ಹೊತ್ತು ಹಳ್ಳಿಗಳಿಗೆ ನಡೆದು, ಮೇಣದ ಉರುಳೆಗಳ ಮೇಲೆ ರೈತರ ಹಾಡುಗಳನ್ನು ಹಿಡಿದಿಟ್ಟರು. ಸಿಕ್ಕಿದ್ದು ಬೇರೆಯದೇ ಪದರ: ಐದೇ ಸ್ವರಗಳ, ಮೇಲಿಂದ ಕೆಳಕ್ಕಿಳಿಯುವ, ಒಂದು ಸಾಲನ್ನು ಐದು ಸ್ವರ ಕೆಳಗಿನಿಂದ ಮತ್ತೆ ಹಾಡುವ ಧಾಟಿ. (ಆ ಐದು ಸ್ವರಗಳು ಹೆಚ್ಚುಕಡಿಮೆ ನಮ್ಮ ಶುದ್ಧ ಧನ್ಯಾಸಿಯವೇ, ಸಾಮ್ಯ ಅಷ್ಟಕ್ಕೇ ನಿಲ್ಲುತ್ತದೆ.) ಇದನ್ನು ಹೊಸ ಸಂಗೀತಕ್ಕೆ ತರುವ ಮೂರು ದಾರಿಗಳನ್ನು ಬಾರ್ಟೋಕ್ ಮುಂದೆ ವಿವರಿಸಿದರು. ಹಾಡನ್ನೇ ಎತ್ತಿಕೊಂಡು ಪಕ್ಕವಾದ್ಯ ಕೂಡಿಸುವುದು ಒಂದು, ಅದರಂಥದ್ದೇ ಹಾಡು ಹೊಸೆಯುವುದು ಇನ್ನೊಂದು. ಮೂರನೆಯದು, ಹಾಡೂ ಬೇಡ ಅನುಕರಣೆಯೂ ಬೇಡ, ಅದರ ಗುಣ ತಾಯ್ನುಡಿಯಷ್ಟು ಸಹಜವಾಗಿ ಸಂಗೀತದಲ್ಲಿ ಇಳಿದಿರುವುದು. 1911ರ ‘ಅಲೆಗ್ರೋ ಬಾರ್ಬರೋ’ದಲ್ಲಿ ಪಿಯಾನೋವನ್ನು ತಮಟೆಯಂತೆ ಬಡಿದ ಬಾರ್ಟೋಕ್ ಅವರನ್ನು ಕೇಳಿದವರಿಗೆ ಈ ಮೂರನೆಯ ದಾರಿ ಎಷ್ಟು ಒರಟಾಗಬಲ್ಲದು ಎಂಬುದು ಗೊತ್ತು.

ಕಾತಾಯ್ ಅವರನ್ನು ಬಾರ್ಟೋಕ್ ಸಾಲಿಗೆ ಸೇರಿಸುವುದಕ್ಕೆ ಸಹಜವಾದ ಆಕ್ಷೇಪವಿದೆ. ಕಾತಾಯ್ ಹಳ್ಳಿ ಸುತ್ತಿ ಹಾಡು ಸಂಗ್ರಹಿಸಿದವರಲ್ಲ. ಕಂಪ್ಯೂಟರಿನಲ್ಲಿ ಡ್ರಮ್ಮಿನ ಹೊಡೆತಗಳನ್ನು ಜೋಡಿಸಿದವರು, ಮುಂದೆ ಎಡಿನ್‌ಬರೋಗೆ ಹೋಗಿ ನೆಲೆಸಿದವರು. ಊರು ಹತ್ತಿರವಿದ್ದ ಮಾತ್ರಕ್ಕೆ ಪರಂಪರೆ ಹರಿದುಬರುತ್ತದೆಯೆ? ಖಂಡಿತ ಇಲ್ಲ, ಅದನ್ನು ತಂದದ್ದು ಶಾಲೆ. ಮಗುವಿನ ಸಂಗೀತಪಾಠ ಜನಪದ ಹಾಡಿನಿಂದಲೇ ಶುರುವಾಗಬೇಕೆಂದು ಕೊದಾಯ್ ಹಟ ಹಿಡಿದರು. 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇತ್‌ನಲ್ಲಿ ಗಾಯನಕ್ಕೆ ಒತ್ತುಕೊಟ್ಟ ಪ್ರಾಥಮಿಕ ಶಾಲೆ ತೆರೆಯಿತು, ಆ ಕ್ರಮ ದೇಶದ ತರಗತಿಗಳಿಗೆ ಹಬ್ಬಿತು. 1972ರಲ್ಲಿ ಬುಡಾಪೆಸ್ಟಿನಲ್ಲಿ ಶುರುವಾದ ‘ತಾಂತ್ಸ್‌ಹಾಜ್’ ನೃತ್ಯಕೂಟಗಳು ಟ್ರಾನ್ಸಿಲ್ವೇನಿಯಾದ ಹಳ್ಳಿಕುಣಿತವನ್ನು ನಗರದ ಯುವಕರಿಗೆ ಕಲಿಸಿದವು. ಮೇಣದ ಉರುಳೆಯ ಹಾಡು ಹೀಗೆ ಎರಡೇ ತಲೆಮಾರಿನಲ್ಲಿ ಸಾಮಾನ್ಯ ಕಿವಿಯ ಸೊತ್ತಾಯಿತು. ಎಂಬತ್ತರ ದಶಕದಲ್ಲಿ ಬೆಳೆದವರಿಗೆ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇರಲಿಲ್ಲ. ‘ರೋಕಾ ಹಶಾ ರಾದಿಯೋ’ದ ಹತ್ತೊಂಬತ್ತು ನಿಮಿಷ ಮೀರುವ ಹಾಡನ್ನೇ ಕೇಳಿ: ಗಿಟಾರಿನ ಗದ್ದಲ, ಯಂತ್ರದ ಮಿಡಿತ, ಶುದ್ಧಕಂಠ ಇವು ಒಂದನ್ನೊಂದು ಅಲಂಕರಿಸುತ್ತಿಲ್ಲ, ಒಂದೇ ಕಟ್ಟಡವನ್ನು ಹೊರುತ್ತಿವೆ. ಬಾರ್ಟೋಕ್ ಹೇಳಿದ ಮೂರನೆಯ ದಾರಿ ನನಗೆ ಇಲ್ಲಿ ಕೇಳಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಬೇರು, ಮಣ್ಣು, ಪೂರ್ವಜರು ಎನ್ನುತ್ತ ಬ್ಲ್ಯಾಕ್ ಮೆಟಲ್‌ನ ಒಂದು ಕವಲು ಜನಾಂಗದ್ವೇಷಕ್ಕೆ ಜಾರಿದ್ದು ನಿಜ. ಇಂಥ ವಂಶಾವಳಿ ಅದಕ್ಕೇ ನೀರೆರೆಯುವುದಿಲ್ಲವೆ? ಆದರೆ ವಂಶಾವಳಿಯ ಆರಂಭದಲ್ಲಿರುವವರು ಯಾರೆಂದು ನೋಡಬೇಕು. ಬಾರ್ಟೋಕ್ ಸ್ಲೊವಾಕ್ ಮತ್ತು ರುಮೇನಿಯನ್ ಹಾಡುಗಳನ್ನೂ ಅಷ್ಟೇ ಶ್ರದ್ಧೆಯಿಂದ ಸಂಗ್ರಹಿಸಿದರು. ಆ ಕಾರಣಕ್ಕೆ 1920ರಲ್ಲಿ ಸ್ವದೇಶದ ಪತ್ರಿಕೆಗಳಲ್ಲೇ ದೇಶದ್ರೋಹದ ಆರೋಪ ಹೊತ್ತರು. ಆದರೂ 1936ರಲ್ಲಿ ಹಾಡು ಸಂಗ್ರಹಿಸಲು ಟರ್ಕಿಗೂ ಹೋದರು. ಜನಾಂಗಗಳು ಬೆರೆತಷ್ಟೂ ಹಾಡು ಸಮೃದ್ಧವಾಗುತ್ತದೆ ಎಂಬುದು ಅವರು ಸಾಕ್ಷ್ಯದಿಂದ ಕಂಡುಕೊಂಡ ತೀರ್ಮಾನ. 1940ರಲ್ಲಿ ಅವರು ದೇಶ ಬಿಟ್ಟದ್ದೂ ಯುರೋಪನ್ನು ನುಂಗುತ್ತಿದ್ದ ಫ್ಯಾಸಿಸಂಗೆ ಹೇಸಿಯೇ. ಈ ಆಲ್ಬಮ್ಮಿನಲ್ಲೂ ವೀರಪೂರ್ವಜರ ಜಯಘೋಷವಿಲ್ಲ. ಇರುವುದು ಅಣುಯಂತ್ರಗಳು, ಮಂಜು, ಮಳೆ, ಶರತ್ಕಾಲ. ಅದರ ಒಂದು ರಚನೆಯ ಹೆಸರನ್ನು ಕನ್ನಡಕ್ಕೆ ತಂದರೆ ‘ಮಕೋದಲ್ಲಿ ಆಕಾಶನೌಕೆಗಳು’ ಎಂದಾಗುತ್ತದೆ. ಈರುಳ್ಳಿಯ ಊರಿಗೆ ಆಕಾಶನೌಕೆಯನ್ನು ಇಳಿಸುವ ಸಂಗೀತ ರಕ್ತಶುದ್ಧಿಯ ವಾದಕ್ಕೆ ಒದಗಿ ಬರುವುದು ಕಷ್ಟ.