ನಾಲ್ಕು ಮೀಟರಿನ ಗೆರೆ, ಎಂಟು ಅಡಿಯ ಗೇಟು

1/7

ಮೊದಲ ಫೋಟೋ ನೋಡಿ. ಹುಳಿಮಾವಿನಲ್ಲಿರೋ ನಮ್ಮಕ್ಕನ ಮನೆ ಗೇಟು. ಟೇಪು ಹಿಡ್ಕೊಂಡು ನಿಂತಿರೋದು ಭಾವ. ಅಗಲ ಎಂಟು ಅಡಿ, ಅಂದರೆ 2.44 ಮೀಟರ್. ಮನೆಯಲ್ಲಿ ಐದು ಜನ: ಅಕ್ಕ, ಭಾವ, ಇಬ್ಬರು ಮಕ್ಕಳು, ಜೊತೆಗೆ ಮಂಡಿ ಆಪರೇಷನ್ ಆಗಿ ವಾಕರ್ ಹಿಡಿದು ಓಡಾಡೋ ನಮ್ಮಮ್ಮ. ಇಷ್ಟು ದಿನ ಆಸ್ಪತ್ರೆಗೆ ಆಟೋ, ಊರಿಗೆ ಬಸ್ಸು. ಈಗ ಏಳು ವರ್ಷದ ಸಾಲ ಮಾಡಿ ಒಂದು ಕಾರು ತಗೊಳ್ಳೋಣ ಅಂತ ತೀರ್ಮಾನ.

ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಮೂರು ಶೋರೂಂ ಸುತ್ತಿ ಬಂದ ಮೇಲೆ ಭಾವ ನನ್ನ ಕೇಳಿದ್ದು ಒಂದೇ ಪ್ರಶ್ನೆ. "ಹ್ಯಾಚ್‌ಬ್ಯಾಕು, ಕಾಂಪ್ಯಾಕ್ಟ್ ಸೆಡಾನು, ಕಾಂಪ್ಯಾಕ್ಟ್ ಎಸ್‌ಯುವಿ, ಮಿಡ್‌ಸೈಜು ಅಂತಾರಲ್ಲ, ಈ ಸೈಜುಗಳನ್ನ ಅಳೆದೋರು ಯಾರು? ಯಾರ ಮನೆ ನೋಡಿ ಅಳೆದರು?"

ಈ ಸರಣಿಯಲ್ಲಿ ಕೆರೆ ಆಯ್ತು, ಗುಹಾಂತರ ದೇವಸ್ಥಾನ ಆಯ್ತು. ಇವತ್ತು ಭಾವನ ಪ್ರಶ್ನೆ. ನೀವೂ ಕಾರು ನೋಡ್ತಾ ಇದ್ರೆ ಕೊನೇವರೆಗೂ ಓದಿ.

2/7

ನಮ್ಮ ಅಪ್ಪಂದಿರ ಕಾಲದಲ್ಲಿ ಸೈಜಿನ ತಲೆನೋವೇ ಇರಲಿಲ್ಲ. ದೊಡ್ಡದು ಅಂದ್ರೆ ಅಂಬಾಸಿಡರ್: ಉದ್ದ 4.3 ಮೀಟರ್, ಅಗಲ 1.66. ಚಿಕ್ಕದು ಅಂದ್ರೆ ಫಿಯೆಟ್, ಆಮೇಲೆ ಪ್ರೀಮಿಯರ್ ಪದ್ಮಿನಿ ಅನ್ನಿಸಿಕೊಂಡಿದ್ದು: ಉದ್ದ 3.93, ಅಗಲ 1.46. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಾಗಿದ್ದಾಗ ಡಿಕ್ಕಿ ಎಷ್ಟು ಲೀಟರ್ ಅಂತ ಕೇಳೋರು ಯಾರು?

ಆ ಕಾಲದಲ್ಲಿ ಇನ್ನೂ ಚಿಕ್ಕ ಕಾರು ಮಾಡ್ತೀವಿ ಅಂತ ಹೊರಟವರು ನಮ್ಮ ಬೆಂಗಳೂರಿನವರು. ಎರಡನೇ ಫೋಟೋದಲ್ಲಿರೋ ಗಾಡಿ ಎಷ್ಟು ಜನಕ್ಕೆ ನೆನಪಿದೆ? 'ಬಾದಲ್'. 1970ರ ದಶಕದ ಮಧ್ಯದಲ್ಲಿ ಬೆಂಗಳೂರಲ್ಲಿ ತಯಾರಾದ ಮೂರು ಚಕ್ರದ ಕಾರು. ಮುಂದೆ ಒಂದು ಚಕ್ರ, ಹಿಂದೆ ಎರಡು. ಫೈಬರ್‌ಗ್ಲಾಸ್ ಬಾಡಿ, 198 ಸಿಸಿಯ ಪುಟ್ಟ ಎಂಜಿನ್. ಆಟೋಗೂ ಕಾರಿಗೂ ಹುಟ್ಟಿದ ಮಗು ಥರ. ಅದೇ ಸಿಪಾನಿ ಸಂಸ್ಥೆ 1982ರಲ್ಲಿ 'ಡಾಲ್ಫಿನ್' ತಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ಮಾದರಿ, 848 ಸಿಸಿ ಎಂಜಿನ್, ಅದಕ್ಕೂ ಫೈಬರ್ ಬಾಡಿಯೇ. ಹಗುರ ಇದ್ದಿದ್ದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು.

ಆದರೆ ಡಾಲ್ಫಿನ್‌ಗೆ ಇದ್ದಿದ್ದು ಎರಡೇ ಬಾಗಿಲು. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀ ಕೊಟ್ಟರು. ಅದೂ ಹೆಚ್ಚುಕಮ್ಮಿ ಅಷ್ಟೇ ಪುಟ್ಟ ಕಾರು, ಆದರೆ ಹಿಂದೆ ಕೂರೋರಿಗೆ ಅವರದ್ದೇ ಬಾಗಿಲು. ಸೀರೆ ಉಟ್ಟ ಅಜ್ಜಿ ಮುಂದಿನ ಸೀಟು ಮಡಚಿ, ಬಗ್ಗಿ, ತೂರಿಕೊಂಡು ಹಿಂದೆ ಹೋಗಬೇಕಾಗಿಲ್ಲ. ಸಿಪಾನಿಯವರೂ ಆಮೇಲೆ 'ಮೊಂಟಾನಾ' ಅಂತ ಹೆಚ್ಚು ಬಾಗಿಲಿನ ಗಾಡಿ ತಂದರು, ಅಷ್ಟು ಹೊತ್ತಿಗೆ ಊರೆಲ್ಲ ಮಾರುತಿ. ಡಾಲ್ಫಿನ್ ಸೋತಿದ್ದಕ್ಕೆ ಕಾರಣ ಬೇರೆಯೂ ಇವೆ, ಮಾರುತಿಯ ಹಿಂದೆ ಸರ್ಕಾರವೇ ನಿಂತಿತ್ತು. ಆದರೂ ಸೈಜು ಒಂದೇ ಇದ್ದು ಬಾಗಿಲು ಬೇರೆ ಆದರೆ ಸಂಸಾರಕ್ಕೆ ಅವು ಒಂದೇ ಕಾರಲ್ಲ, ಅಲ್ವಾ?

3/7

ಮಾರುತಿ 800 ಆ ಸೈಜಿಗೆ ಬಂದಿದ್ದು ಹೇಗೆ? ನಮ್ಮ ರಸ್ತೆ ನೋಡಿ ಅಲ್ಲ, ಜಪಾನಿನ ತೆರಿಗೆ ನೋಡಿ!

ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಜಪಾನ್ 'ಕೇ' ಅನ್ನೋ ಪುಟ್ಟ ವಾಹನಗಳ ವರ್ಗ ಮಾಡಿತು. ಇಷ್ಟರೊಳಗಿದ್ದರೆ ತೆರಿಗೆ ಕಮ್ಮಿ. ಅಳತೆ ಕಾಲಕಾಲಕ್ಕೆ ಬದಲಾಯ್ತು. 1976ರಲ್ಲಿ ಉದ್ದ 3.2 ಮೀಟರ್, ಅಗಲ 1.4 ಮೀಟರ್, ಎಂಜಿನ್ 550 ಸಿಸಿ. ಆ ಚೌಕಟ್ಟಿಗೆ ಅಂತ ಸುಜುಕಿ ಮಾಡಿದ ಕಾರಿಗೆ 796 ಸಿಸಿ ಎಂಜಿನ್ ಕೂರಿಸಿದ್ದೇ ನಮ್ಮ ಮೊದಲ ಮಾರುತಿ. ಓಮ್ನಿ ವ್ಯಾನಿನ ಕಥೆಯೂ ಅದೇ ಮನೆತನದ್ದು.

ಒಂದು ವಿಷಯ ಇಲ್ಲೇ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ. ಜಪಾನಿನವರು ಉದ್ದದ ಜೊತೆಗೆ ಅಗಲವನ್ನೂ ಅಳೆದರು. ಇವತ್ತಿಗೂ ಅಲ್ಲಿ ಕೇ ಕಾರು 1.48 ಮೀಟರ್‌ಗಿಂತ ಅಗಲ ಇರೋ ಹಾಗಿಲ್ಲ. ಎತ್ತರಕ್ಕೂ ಮಿತಿ ಇದೆ.

4/7

ಈಗ ನಮ್ಮ ಗೆರೆಗೆ ಬರೋಣ. 2006ರ ಫೆಬ್ರವರಿ 28. ಹಣಕಾಸು ಸಚಿವ ಚಿದಂಬರಂ ಬಜೆಟ್ ಓದ್ತಾ ಸಣ್ಣ ಕಾರಿನ ಎಕ್ಸೈಸ್ ಸುಂಕವನ್ನ ಶೇ. 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದರೆ ಯಾವುದು? ಉದ್ದ 4000 ಮಿಲಿಮೀಟರ್ ಮೀರಬಾರದು, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿರಬೇಕು. ಅಷ್ಟೇ. ಒಂದು ಪ್ಯಾರಾ.

ಆ ಪ್ಯಾರಾ ಇಪ್ಪತ್ತು ವರ್ಷದಿಂದ ನಮ್ಮ ಕಾರುಗಳನ್ನ ಕತ್ತರಿಸ್ತಾ ಇದೆ. 2008ರಲ್ಲಿ ಟಾಟಾದವರು ಇಂಡಿಗೋ ಸೆಡಾನನ್ನ ಹಿಂದಿನಿಂದ ಮೊಟಕು ಮಾಡಿ 3988 ಮಿ.ಮೀ.ನ 'ಸಿಎಸ್' ತಂದರು. ಅದೇ ವರ್ಷ ಬಂದ ಸ್ವಿಫ್ಟ್ ಡಿಜೈರ್ 4160 ಮಿ.ಮೀ. ಇತ್ತು. 2012ರಲ್ಲಿ ಅದೂ 3995ಕ್ಕೆ ಇಳೀತು. 16 ಸೆಂಟಿಮೀಟರ್ ಹೋಗಿದ್ದು ಎಲ್ಲಿಂದ ಗೊತ್ತಾ? ಡಿಕ್ಕಿಯಿಂದ. 440 ಲೀಟರ್ ಇದ್ದಿದ್ದು 316 ಆಯ್ತು. ಬೆಲೆ ಇಳೀತು ಅಂತ ಜನ ಖುಷಿಪಟ್ಟರು, ಜೊತೆಗೆ ಒಂದು ಸೂಟ್‌ಕೇಸಿನ ಜಾಗ ಹೋಯ್ತು. ಅದೇ ವರ್ಷ ಮಹೀಂದ್ರಾದವರು ನಾಲ್ಕೂವರೆ ಮೀಟರಿನ ಝೈಲೋವನ್ನ ಕತ್ತರಿಸಿ 3985 ಮಿ.ಮೀ.ನ ಕ್ವಾಂಟೋ ಮಾಡಿದರು. ಪಕ್ಕದಿಂದ ನೋಡಿದರೆ ಯಾರೋ ಬಾಗಿಲಿಗೆ ಸಿಕ್ಕಿಸಿ ಒತ್ತಿದ ಹಾಗೆ ಕಾಣತ್ತೆ. ಐದನೇ ಫೋಟೋ, ನೀವೇ ನೋಡಿ.

ಗೆರೆಗೆ ತಲೆಬಾಗದ ಒಂದು ಕಾರು ನಮ್ಮ ಬಿಡದಿಯಲ್ಲಿ ತಯಾರಾಯ್ತು. ಟೊಯೋಟಾ ಕಿರ್ಲೋಸ್ಕರ್ ಅಂದರೆ ಮೊದಲು 2000ದ ಕ್ವಾಲಿಸ್, ರಾತ್ರಿ ಪಾಳಿಯ ಕಾಲ್ ಸೆಂಟರ್ ಹುಡುಗ ಹುಡುಗಿಯರನ್ನ ಮನೆ ಮುಟ್ಟಿಸಿದ ಗಾಡಿ. 2005ರಲ್ಲಿ ಇನ್ನೋವಾ. 2010ರ ಡಿಸೆಂಬರ್‌ನಲ್ಲಿ ಎಟಿಯೋಸ್: 4265 ಮಿ.ಮೀ. ಉದ್ದ, ಡಿಕ್ಕಿ ಸುಮಾರು 590 ಲೀಟರ್. ಅದರ ಡೀಸೆಲ್ ಎಂಜಿನ್ 1364 ಸಿಸಿ, ಎಂಜಿನ್ ಲೆಕ್ಕದಲ್ಲಿ ಅದು ಸಣ್ಣ ಕಾರೇ. ಉದ್ದ ಮಾತ್ರ 26 ಸೆಂಟಿಮೀಟರ್ ಜಾಸ್ತಿ, ಹಾಗಾಗಿ ಸುಂಕ ದೊಡ್ಡ ಕಾರಿನದ್ದು. ಮನೆಯವರು ಹಿಂದೆ ಸರಿದರು, ಕ್ಯಾಬಿನವರು ಮುಂದೆ ಬಂದರು. ದೇವನಹಳ್ಳಿ ಏರ್‌ಪೋರ್ಟಿಗೆ ನಾಲ್ಕು ದೊಡ್ಡ ಪೆಟ್ಟಿಗೆ ಹಾಕಿಕೊಂಡು ಹೋಗಿದ್ದು ನೆನಪಿದ್ದರೆ, ಅದು ಬಹುಶಃ ಎಟಿಯೋಸೇ. 2020ರಲ್ಲಿ ಅದು ನಿಂತುಹೋಯ್ತು. ನನ್ನ ಕೇಳಿದರೆ, ಜಾಗದ ಲೆಕ್ಕದಲ್ಲಿ ಸಂಸಾರಕ್ಕೆ ಅಂತಲೇ ಮಾಡಿದ ಕಾರು ಅದು. ಟ್ಯಾಕ್ಸಿ ಅನ್ನೋ ಹಣೆಪಟ್ಟಿ ಬಿತ್ತು, ಮನೆ ಮುಂದೆ ನಿಲ್ಲಿಸೋಕೆ ಜನ ನಾಚಿಕೊಂಡರು.

5/7

ಈಗ ಮೂರನೇ ಕಂತಿನಲ್ಲಿ ನೆನಪಿಟ್ಕೊಳ್ಳಿ ಅಂದೆನಲ್ಲ, ಆ ಮಾತು. ನಮ್ಮ ಕಾನೂನು ಉದ್ದ ಅಳೆಯಿತು, ಎಂಜಿನ್ ಅಳೆಯಿತು. ಅಗಲವನ್ನ ಅಳೆಯಲೇ ಇಲ್ಲ.

ನೀರನ್ನ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಕ್ಕತ್ತೆ. ಉದ್ದಕ್ಕೆ ಬೇಲಿ ಹಾಕಿದ್ದಕ್ಕೆ ಕಾರು ಅಗಲಕ್ಕೆ, ಎತ್ತರಕ್ಕೆ ಬೆಳೀತು. ಮಾರುತಿ 800 ಅಗಲ 1.44 ಮೀಟರ್. ಇವತ್ತಿನ ಬ್ರೆಜಾ 1.79. ನೆಕ್ಸಾನ್ 1.8. ಎಲ್ಲವೂ ನಾಲ್ಕು ಮೀಟರ್ ಒಳಗೇ!

ಹುಳಿಮಾವಿನ ಒಳಗಡೆ ಲೇಔಟುಗಳಲ್ಲಿ ಇಪ್ಪತ್ತಡಿ ರಸ್ತೆ ಎಷ್ಟೋ ಇವೆ. ಇಪ್ಪತ್ತಡಿ ಅಂದರೆ 6.1 ಮೀಟರ್. ಎದುರುಬದುರು ಎರಡು ಮಾರುತಿ 800 ನಿಲ್ಲಿಸಿದರೆ ಮಧ್ಯೆ 3.2 ಮೀಟರ್ ಉಳಿಯತ್ತೆ. ಅದೇ ಜಾಗದಲ್ಲಿ ಎರಡು ನೆಕ್ಸಾನ್ ನಿಲ್ಲಿಸಿ: ಉಳಿಯೋದು ಎರಡೂವರೆ ಮೀಟರ್. ಕನ್ನಡಿ ಮಡಚದೆ ಹೋದರೆ ಇನ್ನೂ ಕಮ್ಮಿ. ಚರಂಡಿ ಚಪ್ಪಡಿ, ಕರೆಂಟ್ ಕಂಬ ಲೆಕ್ಕಕ್ಕೇ ತಗೊಂಡಿಲ್ಲ. ಹೋದ ವರ್ಷ ನಮ್ಮಮ್ಮನನ್ನ ಕರ್ಕೊಂಡು ಹೋಗೋಕೆ ಬಂದ ಆಂಬುಲೆನ್ಸು ಅಕ್ಕನ ರಸ್ತೆ ತಿರುವಿನಲ್ಲೇ ನಿಂತುಬಿಡ್ತು. ಸ್ಟ್ರೆಚರ್ ಅಲ್ಲಿವರೆಗೂ ತಳ್ಕೊಂಡು ಹೋದರು. ಆ ರಸ್ತೆಯಲ್ಲಿ ನಿಂತಿದ್ದ ಕಾರುಗಳಲ್ಲಿ ಒಂದೂ 'ದೊಡ್ಡ ಕಾರು' ಅಲ್ಲ ಸ್ವಾಮಿ. ಎಲ್ಲ ಕಾಂಪ್ಯಾಕ್ಟೇ.

ಹಾಗಂತ ಅಗಲವೆಲ್ಲ ದಂಡ ಅಂತ ನಾನು ಹೇಳೋದಿಲ್ಲ. ಅಗಲ ಹೆಚ್ಚಿದರೆ ಹಿಂದೆ ಮೂರು ಜನ ಭುಜ ತಾಗದೆ ಕೂರಬಹುದು. ಪಕ್ಕದಿಂದ ಗುದ್ದಿದಾಗ ಬಾಗಿಲಿಗೂ ಮೈಗೂ ಮಧ್ಯೆ ನಾಲ್ಕು ಬೆರಳು ಜಾಸ್ತಿ ಜಾಗ ಇರತ್ತೆ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ತಗೊಂಡ ಮೊದಲ ಭಾರತೀಯ ಕಾರು ಅದೇ ನೆಕ್ಸಾನ್. 2023ರಲ್ಲಿ ಪರೀಕ್ಷೆಗೆ ಹೋದ ವ್ಯಾಗನ್‌ಆರ್‌ಗೆ ಬಂದಿದ್ದು ಒಂದು ಸ್ಟಾರ್. ಇದನ್ನ ಮರೆತು ಬರೀ ಗೇಟು ಅಳೀತಾ ಕೂರೋಕಾಗಲ್ಲ.

6/7

ಇನ್ನು ಹೆಸರುಗಳ ಗೊಂದಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಲೂ ಆ ನಾಲ್ಕು ಮೀಟರ್ ಗೆರೆ ಹಾಗೇ ಉಳೀತು. ಎಸ್‌ಯುವಿಗೆ ಬೇರೆ ಲಕ್ಷಣ ಹೇಳಿದರು: ಉದ್ದ 4000 ಮಿ.ಮೀ. ಮೀರಿರಬೇಕು, ಎಂಜಿನ್ 1500 ಸಿಸಿ ಮೀರಿರಬೇಕು, ನೆಲದಿಂದ ಕನಿಷ್ಠ 170 ಮಿ.ಮೀ. ಎತ್ತರ ಇರಬೇಕು. ಅಂದರೆ ನಾಲ್ಕು ಮೀಟರ್ ಒಳಗಿನ 'ಕಾಂಪ್ಯಾಕ್ಟ್ ಎಸ್‌ಯುವಿ' ತೆರಿಗೆಯವರ ಕಣ್ಣಲ್ಲಿ ಎಸ್‌ಯುವಿಯೇ ಅಲ್ಲ. ಆ ಹೆಸರು ಶೋರೂಮಿನದ್ದು. 170 ಮಿ.ಮೀ. ಅಂದರೆ ಏಳು ಇಂಚೂ ಇಲ್ಲ. 2019ರ ನವೆಂಬರ್ 24ರಂದು ನಮ್ಮ ಹುಳಿಮಾವು ಕೆರೆ ಏರಿ ಒಡೆದು ಲೇಔಟುಗಳಿಗೆ ನೀರು ನುಗ್ಗಿದ್ದನ್ನ ನೋಡಿದವರಿಗೆ ಏಳು ಇಂಚಿನ ಬೆಲೆ ಗೊತ್ತು. ಅವತ್ತು ಯಾವ ಸೈಜಿನ ಕಾರನ್ನೂ ನೀರು ವಿಚಾರಿಸಲಿಲ್ಲ.

2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಲೆಕ್ಕ ಸರಳ ಆಯ್ತು: ಗೆರೆಯೊಳಗೆ ಶೇ. 18, ಗೆರೆ ದಾಟಿದರೆ ಶೇ. 40. ತೆರಿಗೆ ಎಲ್ಲಕ್ಕೂ ಇಳೀತು ನಿಜ, ಆದರೆ ಅಂತರ ಹಿಗ್ಗಿತು. ಮೊದಲು ಸಣ್ಣ ಪೆಟ್ರೋಲ್ ಕಾರಿಗೆ 29, ಮಧ್ಯಮಕ್ಕೆ 45, ವ್ಯತ್ಯಾಸ 16. ಈಗ 22. ಹಾಗಾಗಿ ಗೆರೆ ಅಳಿಸಿಹೋಗೋ ಲಕ್ಷಣ ಇಲ್ಲ.

ಇದರಲ್ಲೂ ಒಂದು ಸಣ್ಣ ಬಲೆ ಇದೆ. ಉದ್ದ ಒಂದೇ ಸಾಲದು. ಬ್ರೆಜಾ 3995 ಮಿ.ಮೀ.ನೇ, ಆದರೆ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ, ಹಾಗಾಗಿ ಅದು ಗೆರೆಯ ಆಚೆ. ಎಲೆಕ್ಟ್ರಿಕ್ ಕಾರಿಗೆ ಎಷ್ಟೇ ಉದ್ದ ಇದ್ದರೂ ಶೇ. 5. 2001ರಲ್ಲೇ ಬೆಂಗಳೂರಿನ ರೇವಾ ಬರೀ 2.6 ಮೀಟರಿನ ಎಲೆಕ್ಟ್ರಿಕ್ ಕಾರು ರಸ್ತೆಗಿಳಿಸಿತ್ತು. ಈಗ ಉದ್ದದ ಹಂಗಿಲ್ಲದ ಕಾರು ಅಂದರೆ ಎಲೆಕ್ಟ್ರಿಕ್ಕೇ, ತಮಾಷೆ ನೋಡಿ.

7/7

ಸರಿ, ಭಾವನಿಗೆ ಏನು ಹೇಳಿದೆ?

ವರ್ಗದ ಹೆಸರು ಮರೆತುಬಿಡಿ, ಅಂಕಿ ಕೇಳಿ ಅಂದೆ. ವ್ಯಾಗನ್‌ಆರ್ 3655 ಮಿ.ಮೀ. ಉದ್ದ, 1620 ಅಗಲ, ಡಿಕ್ಕಿ 341 ಲೀಟರ್. ಬ್ರೆಜಾ 34 ಸೆಂಟಿಮೀಟರ್ ಉದ್ದ ಜಾಸ್ತಿ, 17 ಸೆಂಟಿಮೀಟರ್ ಅಗಲ ಜಾಸ್ತಿ, ಡಿಕ್ಕಿ 328. ಸ್ವಿಫ್ಟ್ 3860 ಉದ್ದ ಇದ್ದೂ ಡಿಕ್ಕಿ 265. ಏಳು ಸೀಟಿನ ಟ್ರೈಬರ್ 3990ರಲ್ಲೇ ಮೂರು ಸಾಲು ಹಿಡಿಸತ್ತೆ, ಆದರೆ ಮೂರೂ ಸಾಲಿನಲ್ಲಿ ಜನ ಕೂತರೆ ಡಿಕ್ಕಿ 84 ಲೀಟರ್, ಅಮ್ಮನ ವಾಕರ್ ಯಾರ ತೊಡೆ ಮೇಲೆ ಇಡ್ತೀರಿ? ಐದು ಜನ ಕೂತು ಹಿಂದಿನ ಸಾಲು ತೆಗೆದಿಟ್ಟರೆ ಅದೇ ಕಾರಲ್ಲಿ 625 ಲೀಟರ್. ಎರ್ಟಿಗಾ ತಗೊಂಡರೆ ಏಳು ಸೀಟೂ ಇದ್ದು 209 ಲೀಟರ್ ಡಿಕ್ಕಿ, ಆದರೆ 4.4 ಮೀಟರ್ ಉದ್ದ ಮತ್ತು ಶೇ. 40 ತೆರಿಗೆ. ಇದರ ಮೇಲೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸು. ಅದು ಉದ್ದ ನೋಡಲ್ಲ, ಬೆಲೆ ನೋಡತ್ತೆ.

ಸೀಟಿನ ಎತ್ತರ ಮಾತ್ರ ಯಾವ ಪಟ್ಟಿಯಲ್ಲೂ ಸರಿಯಾಗಿ ಸಿಗಲ್ಲ. ಅದಕ್ಕೇ ಭಾನುವಾರ ಅಮ್ಮನನ್ನೇ ಕರ್ಕೊಂಡು ಹೋದೆವು. ಮೊದಲನೇ ಕಾರಲ್ಲಿ ಕೂರೋಕೆ ಇಳಿಯಬೇಕಾಯ್ತು, ಏಳೋಕೆ ಇಬ್ಬರು ಹಿಡಿಯಬೇಕಾಯ್ತು. ಎರಡನೇದಕ್ಕೆ ಹತ್ತಬೇಕಾಯ್ತು, ಮಂಡಿ ಎತ್ತೋಕೆ ಆಗಲಿಲ್ಲ. ಮೂರನೇದರಲ್ಲಿ ಸೀಟು ಸೊಂಟದ ಮಟ್ಟಕ್ಕೆ ಇತ್ತು. ಅಮ್ಮ ಪಕ್ಕಕ್ಕೆ ತಿರುಗಿ, ಕೂತು, ಕಾಲು ಒಳಗೆ ಎಳ್ಕೊಂಡರು. "ಇದರಲ್ಲಿ ಕೂರಬಹುದು ಕಣೋ" ಅಂದರು. ಸೇಲ್ಸ್ ಹುಡುಗ ಸನ್‌ರೂಫ್ ತೆಗೆದು ತೋರಿಸ್ತಾ ಇದ್ದ, ಪಾಪ.

ಆ ಮೂರನೇ ಕಾರಿನ ಅಗಲ 1.8 ಮೀಟರ್. ಕನ್ನಡಿ ಸೇರಿದರೆ ಎರಡರ ಹತ್ತಿರ. ಸ್ಟಾರ್ ಚೆನ್ನಾಗಿದೆ ಅಂತ ಭಾವನಿಗೆ ಅದೇ ಬೇಕು. ಗೇಟು ದಾಟೋದೇನೋ ದಾಟತ್ತೆ, ಒಳಗೆ ಹೋದ ಮೇಲೆ ಕಾಂಪೌಂಡ್ ಗೋಡೆ ಕಡೆ ಬಾಗಿಲು ಪೂರ್ತಿ ತೆಗೆಯೋಕಾಗಲ್ಲ, ಅಮ್ಮ ರಸ್ತೆಯಲ್ಲೇ ಇಳಿಯಬೇಕು. ಮಳೆ ಬಂದರೆ ಏನ್ಮಾಡೋದು ಅಂತ ಅಕ್ಕ. ಕೊನೇ ಫೋಟೋದಲ್ಲಿ ಎಡಗಡೆ ಕಂಬದ ಹತ್ತಿರ ಕೂತಿರೋರು ಮೇಸ್ತ್ರಿ. ಗೇಟಿನ ಕಂಬ ಸರಿಸಿ, ಹೂವಿನ ಕಟ್ಟೆ ಒಡೆದರೆ ಎಷ್ಟಾಗತ್ತೆ ಅಂತ ಭಾವ ಕೇಳ್ತಿದಾರೆ. ಬುಧವಾರ ಲೆಕ್ಕ ಕೊಡ್ತೀನಿ ಅಂದಿದಾರೆ.