ಒಳಗಿನಿಂದ ತೆರೆದ ಬಾಗಿಲು: ಮನೆಯ ಕಂಪ್ಯೂಟರ್ ಮತ್ತು ‘ಸ್ಟಾಪ್’ ಕುತಂತ್ರಾಂಶ

ಕಂಪ್ಯೂಟರ್ ಸುರಕ್ಷತೆಯನ್ನು ಕುರಿತ ಬರಹಗಳಲ್ಲಿ ಪದೇಪದೇ ಉಲ್ಲೇಖಗೊಳ್ಳುವ ಘಟನೆಯೆಂದರೆ 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ‘ವನ್ನಾಕ್ರೈ’ ದಾಳಿ. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಅವುಗಳನ್ನು ಬಿಡಿಸುವ ಕೀಲಿಗಾಗಿ ಹಣ ಕೇಳುವ ಇಂಥ ಕುತಂತ್ರಾಂಶವನ್ನು ರ್‍ಯಾನ್ಸಮ್‌ವೇರ್ ಎಂದು ಕರೆಯುತ್ತಾರೆ. ವನ್ನಾಕ್ರೈ ಬಳಸಿಕೊಂಡ ವಿಂಡೋಸ್‌ನ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್ 14ರಂದೇ ತಿದ್ದುಪಡಿಯನ್ನು ಹೊರತಂದಿದ್ದರೂ, ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ಬಳಕೆದಾರರು ಏನನ್ನೂ ಒತ್ತದೆಯೇ ಸೋಂಕಿಗೆ ಒಳಗಾದವು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಂಥ ದೊಡ್ಡ ಜಾಲಗಳು ಇದರಿಂದ ತೀವ್ರವಾಗಿ ತತ್ತರಿಸಿದವು. ಬ್ರಾಡ್‌ಬ್ಯಾಂಡ್ ರೌಟರ್‌ನ ಹಿಂದಿರುವ ಮನೆಯ ಕಂಪ್ಯೂಟರಿಗೆ ಹೊರಗಿನ ಅಪರಿಚಿತ ಸಂಪರ್ಕಗಳು ಸಾಮಾನ್ಯವಾಗಿ ನೇರವಾಗಿ ತಲುಪಲಾರವಾದ್ದರಿಂದ, ಗೃಹಬಳಕೆಯ ಅಪಾಯಗಳನ್ನು ಅರಿಯಲು ಈ ಪ್ರಸಿದ್ಧ ಉದಾಹರಣೆ ಅಷ್ಟಾಗಿ ನೆರವಾಗುವುದಿಲ್ಲ.

ಅದಕ್ಕೆ ಹೆಚ್ಚು ತಕ್ಕ ಉದಾಹರಣೆ ‘ಸ್ಟಾಪ್’ ಅಥವಾ ‘ದೇಜಾವು’ ಎಂಬ ಕುತಂತ್ರಾಂಶ ಕುಟುಂಬ. 2018ರ ಕೊನೆಯಿಂದ ವ್ಯಾಪಕವಾಗಿ ಹರಡಿದ ಇದು ಹೆಚ್ಚಾಗಿ ಬಂದದ್ದು ‘ಕ್ರ್ಯಾಕ್’ಗಳ ಜೊತೆಗೆ, ಅಂದರೆ ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಪರವಾನಗಿ ತಪಾಸಣೆಯನ್ನು ಮುರಿಯುವ ಚಿಕ್ಕ ಪ್ರೋಗ್ರಾಮುಗಳ ಜೊತೆಗೆ. ಕ್ರ್ಯಾಕ್‌ನೊಂದಿಗೆ ಆಂಟಿವೈರಸ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆಂಬ ಸೂಚನೆಯೂ ಸಾಮಾನ್ಯವಾಗಿ ಇರುವುದರಿಂದ, ಬಳಕೆದಾರರೇ ಕಾವಲನ್ನು ತೆಗೆದು, ವಿಂಡೋಸ್ ಕೇಳುವ ಅನುಮತಿಯನ್ನೂ ಕೊಟ್ಟುಬಿಡುತ್ತಾರೆ. ಇದರ ಹಲವು ರೂಪಗಳು, ಕಡತಗಳನ್ನು ಗೂಢಲಿಪಿಗೆ ತಿರುಗಿಸುತ್ತಿರುವಾಗ ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿರುವಂತೆ ಸುಳ್ಳು ಕಿಟಕಿಯೊಂದನ್ನು ತೋರಿಸುತ್ತಿದ್ದವು. ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕುವಾಗ ಕಂಪ್ಯೂಟರ್ ಮೊದಲು ನೋಡುವ ‘ಹೋಸ್ಟ್ಸ್’ ಎಂಬ ಕಡತವನ್ನು ತಿದ್ದಿ, ನೆರವು ದೊರೆಯಬಹುದಾದ ಸುರಕ್ಷತಾ ತಾಣಗಳು ತೆರೆಯದಂತೆಯೂ ಮಾಡುತ್ತಿದ್ದವು. ಕೇಳುತ್ತಿದ್ದ ಮೊತ್ತ 980 ಡಾಲರ್. 72 ಗಂಟೆಗಳೊಳಗೆ ಸಂಪರ್ಕಿಸಿದರೆ ಅದರ ಅರ್ಧ. ಮನೆಮಂದಿ ಸಾಲ ಮಾಡಿಯಾದರೂ ಕೊಟ್ಟಾರೆಂಬ ಲೆಕ್ಕಾಚಾರ ಈ ಮೊತ್ತದಲ್ಲಿಯೇ ಕಾಣುತ್ತದೆ.

ಕ್ರ್ಯಾಕ್ ಬಳಸುವವರನ್ನು ಕಾನೂನು ಮುರಿಯುವವರೆಂದಷ್ಟೇ ಪರಿಗಣಿಸಿ ಕೈಬಿಡುವುದು ಸರಿಯಾದ ವಿಶ್ಲೇಷಣೆಯಲ್ಲ. ಬೆಲೆ ಒಂದು ಕಾರಣವಾದರೆ, ಹಳೆಯ ಕೆಲಸದ ಕ್ರಮಕ್ಕೆ ಅಂಟಿಕೊಳ್ಳಬೇಕಾದ ಅನಿವಾರ್ಯತೆ ಇನ್ನೊಂದು. ಕನ್ನಡದ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟವಿನ್ಯಾಸ) ಕ್ಷೇತ್ರ ಇದಕ್ಕೆ ಸಾಕ್ಷಿ: ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಪುಟ ಕಟ್ಟಲು ಇಲ್ಲಿ ದೀರ್ಘಕಾಲ ಆಧಾರವಾಗಿದ್ದ ಪೇಜ್‌ಮೇಕರ್‌ನ 7.0ನೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಅದರ ಮುಂದಿನ ಆವೃತ್ತಿ ಬರಲೇ ಇಲ್ಲ. ಅಂಥ ತಂತ್ರಾಂಶಕ್ಕಾಗಿ ಹಳೆಯ ಯಂತ್ರವನ್ನು ಉಳಿಸಿಕೊಂಡಿರುವವರು ಆ ಯಂತ್ರಕ್ಕೆ ಇಂಟರ್ನೆಟ್ ಸಂಪರ್ಕವನ್ನೇ ಕೊಡದಿರುವುದು, ಅದಕ್ಕೆ ಹಾಕುವ ಪೆನ್‌ಡ್ರೈವ್‌ಗಳನ್ನು ಬೇರೆಡೆ ತಪಾಸಣೆ ಮಾಡುವುದು ಅವರಿಗಿರುವ ವಾಸ್ತವಿಕ ದಾರಿ. ಹೊಸದಾಗಿ ಕಲಿಯುವವರಿಗೆ ಲಿಬ್ರೆಆಫೀಸ್, ಸ್ಕ್ರೈಬಸ್‌ನಂಥ ಮುಕ್ತ ತಂತ್ರಾಂಶಗಳನ್ನು ಕಲಿಸುವುದು ಸುರಕ್ಷತೆಯ ಕ್ರಮವೂ ಹೌದು ಎಂಬುದನ್ನು ತರಬೇತಿ ಕೇಂದ್ರಗಳು ಇನ್ನಾದರೂ ಗಂಭೀರವಾಗಿ ಪರಿಗಣಿಸಬೇಕು.

‘ಸ್ಟಾಪ್’ ದಾಳಿಯಲ್ಲಿ ಬೀಗ ಬಿದ್ದ ಕಡತಗಳ ಗತಿ ಕೀಲಿಯ ಬಗೆಯನ್ನು ಅವಲಂಬಿಸಿತ್ತು. ದಾಳಿಕೋರರ ಸರ್ವರ್‌ನೊಂದಿಗೆ ಸಂಪರ್ಕ ಸಾಧ್ಯವಾದರೆ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಕೀಲಿ ಬರುತ್ತಿತ್ತು. ಸಂಪರ್ಕ ಸಿಗದಿದ್ದರೆ ಕುತಂತ್ರಾಂಶದೊಳಗೆ ಅಡಗಿಸಿಟ್ಟ, ಹಲವರಿಗೆ ಸಮಾನವಾದ ಕೀಲಿಯೇ ಬಳಕೆಯಾಗುತ್ತಿತ್ತು. 2019ರ ಅಕ್ಟೋಬರ್‌ನಲ್ಲಿ ಎಂಸಿಸಾಫ್ಟ್ ಎಂಬ ಸುರಕ್ಷತಾ ಸಂಸ್ಥೆ ಬೀಗ ಬಿಡಿಸುವ ಉಚಿತ ಸಾಧನವನ್ನು ಪ್ರಕಟಿಸಿದಾಗ ಹಳೆಯ ರೂಪಗಳಿಗೆ ಸಿಕ್ಕವರಲ್ಲಿ ಅನೇಕರಿಗೆ ಕಡತಗಳು ಮರಳಿ ದೊರೆತವು. ಆದರೆ ಆ ವರ್ಷದ ಆಗಸ್ಟ್ ನಂತರದ ರೂಪಗಳು ಹೆಚ್ಚು ಬಲವಾದ ಗೂಢಲಿಪಿ ಕ್ರಮವನ್ನು ಅಳವಡಿಸಿಕೊಂಡಿದ್ದರಿಂದ, ಅವುಗಳಲ್ಲಿ ಸಮಾನ ಕೀಲಿ ಬಳಕೆಯಾದವರಿಗಷ್ಟೇ, ಅದೂ ಆ ಕೀಲಿ ಹೊರಬಿದ್ದ ಮೇಲಷ್ಟೇ, ಆಸೆ ಉಳಿಯಿತು. ಬೀಗ ಬಿದ್ದ ಕಡತಗಳನ್ನು ಅಳಿಸದೆ ಕಾಪಿಡಬೇಕೆಂಬ ಸಲಹೆಗೆ ಇದೇ ಆಧಾರ.

ವಿಂಡೋಸ್‌ನಲ್ಲಿ ನಿತ್ಯದ ಕೆಲಸಕ್ಕೆ ನಿರ್ವಾಹಕ ಅಧಿಕಾರವಿಲ್ಲದ ಖಾತೆಯನ್ನು ಬಳಸುವುದರಿಂದ ವ್ಯವಸ್ಥೆಯ ಕಡತಗಳು ಉಳಿಯುತ್ತವೆಯಾದರೂ, ಬಳಕೆದಾರರ ಸ್ವಂತ ಫೋಟೊ, ಪತ್ರಗಳನ್ನು ಕೆಡಿಸಲು ಕುತಂತ್ರಾಂಶಕ್ಕೆ ಆ ಅಧಿಕಾರವೇ ಬೇಕಿಲ್ಲ ಎಂಬುದು ಬಹುಮಟ್ಟಿಗೆ ಮರೆತುಹೋಗುವ ಸಂಗತಿ. ಈ ಕೊರತೆಯನ್ನು ತುಂಬಲು 2017ರ ಅಕ್ಟೋಬರ್‌ನ ವಿಂಡೋಸ್ 10 ಆವೃತ್ತಿಯಲ್ಲಿ, ಗುರುತಿಲ್ಲದ ಪ್ರೋಗ್ರಾಮುಗಳು ಆಯ್ದ ಫೋಲ್ಡರ್‌ಗಳನ್ನು ತಿದ್ದದಂತೆ ತಡೆಯುವ ಸೌಲಭ್ಯ ಬಂದಿತಾದರೂ, ಅದನ್ನು ಬಳಕೆದಾರರೇ ಹುಡುಕಿ ಚಾಲೂ ಮಾಡಬೇಕಿತ್ತು. ಕೊನೆಗೂ ಭರವಸೆ ಇಡಬಹುದಾದದ್ದು ಬ್ಯಾಕಪ್‌ನ ಮೇಲೆ, ಅದೂ ಪ್ರತಿ ಮಾಡಿಕೊಂಡೊಡನೆ ಕಳಚಿಟ್ಟ ಡಿಸ್ಕ್‌ನ ಮೇಲೆ. ಜೋಡಿಸಿಯೇ ಬಿಟ್ಟ ಡಿಸ್ಕ್‌ನ ಕಡತಗಳಿಗೂ ಇದೇ ಬೀಗ ಬೀಳುತ್ತದೆ.

ಬ್ಯಾಕಪ್‌ನಿಂದ ಕಡತಗಳು ಮರಳಿದ ಮಾತ್ರಕ್ಕೆ ದಾಳಿ ಮುಗಿಯಿತೆಂದು ತಿಳಿಯುವಂತಿಲ್ಲ. ‘ಸ್ಟಾಪ್’ನ ಹಲವು ರೂಪಗಳು ತಮ್ಮೊಂದಿಗೆ ‘ಅಝೊರಲ್ಟ್’ನಂಥ ಕಳ್ಳ ಪ್ರೋಗ್ರಾಮನ್ನೂ ತಂದು, ಬ್ರೌಸರ್ ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡ್‌ಗಳನ್ನು ದಾಳಿಕೋರರಿಗೆ ರವಾನಿಸುತ್ತಿದ್ದವು. ಆದ್ದರಿಂದ ಸೋಂಕು ಕಂಡೊಡನೆ ಯಂತ್ರವನ್ನು ಜಾಲದಿಂದ ಬೇರ್ಪಡಿಸಿ, ಇಮೇಲ್ ಮತ್ತು ಬ್ಯಾಂಕ್ ಖಾತೆಗಳ ಪಾಸ್‌ವರ್ಡ್‌ಗಳನ್ನು ಸೋಂಕಿಲ್ಲದ ಬೇರೊಂದು ಸಾಧನದಿಂದ ಬದಲಾಯಿಸಬೇಕು. ಭಾರತದಲ್ಲಿ ಹಣವೂ ಹೋಗಿದ್ದರೆ 1930 ಸಹಾಯವಾಣಿಗೆ ತಡಮಾಡದೆ ತಿಳಿಸಬೇಕು.