ಓಟಗಾರನ ಲೋಟ

ಪಂದ್ಯಕ್ಕೆ ಹೊರಟ ಹುಡುಗನಿಗೆ ಏನು ಕುಡಿಯಲು ಕೊಡಬೇಕು? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಒಂದು ಮನೆಯಲ್ಲಿ ಹಾಲು ಎನ್ನುತ್ತಾರೆ. ಇನ್ನೊಂದು ಮನೆಯಲ್ಲಿ ಹಸಿಮೊಟ್ಟೆ ಎನ್ನುತ್ತಾರೆ. ಅಂಗಡಿಯವನು ಬಣ್ಣದ ಡಬ್ಬಿಯೊಂದನ್ನು ಮುಂದಿಟ್ಟು ಅದರ ಬೆಲೆ ಹೇಳುತ್ತಾನೆ. ಈಚೆಗೆ ಈ ಸಾಲಿಗೆ ತರಕಾರಿಯ ರಸವೂ ಬಂದು ಸೇರಿದೆ. ಅದನ್ನು ಕುಡಿದರೆ ಉಸಿರು ಗಟ್ಟಿಯಾಗುತ್ತದೆಂದು ಆಣೆಯಿಟ್ಟು ಹೇಳುವವರುಂಟು. ಬರಿಯ ಬಣ್ಣದ ನೀರೆಂದು ನಗುವವರೂ ಉಂಟು. ವಾಚಕರೆ, ಇಬ್ಬರ ಮಾತನ್ನೂ ಸ್ವಲ್ಪ ಬದಿಗಿಟ್ಟು, ಈ ಲೋಟದ ಚರಿತ್ರೆಯನ್ನು ನೋಡೋಣ. ಮನೆಯ ಹಣ ಮತ್ತು ಮಕ್ಕಳ ಆರೋಗ್ಯ ಎರಡೂ ಇದರಲ್ಲಿ ಸೇರಿರುವುದರಿಂದ ನೋಡುವುದು ಒಳ್ಳೆಯದು.

೧೯೦೪ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಲಿಂಪಿಕ್ ಕೂಟ ನಡೆಯಿತು. ಆಗಸ್ಟ್ ೩೦ರಂದು ಮ್ಯಾರಥಾನ್ ಓಟ. ಸುಡುವ ಬಿಸಿಲು, ಧೂಳೆದ್ದ ದಾರಿ. ಓಟಕ್ಕೆ ನಿಂತ ೩೨ ಮಂದಿಯಲ್ಲಿ ಗುರಿ ಮುಟ್ಟಿದವರು ೧೪ ಮಂದಿ ಮಾತ್ರ. ಮುಂದಿದ್ದ ಥಾಮಸ್ ಹಿಕ್ಸ್ ದಾರಿಯಲ್ಲಿ ಕುಸಿಯತೊಡಗಿದಾಗ, ಜೊತೆಯಲ್ಲಿದ್ದವರು ಅವನಿಗೆ ಮೊಟ್ಟೆಯ ಬಿಳಿಯಲ್ಲಿ ಸ್ಟ್ರಿಕ್ನೀನ್ ಬೆರೆಸಿ ಕೊಟ್ಟರು. ಆಮೇಲೆ ಬ್ರಾಂದಿಯನ್ನೂ ಕುಡಿಸಿದರು. ಸ್ಟ್ರಿಕ್ನೀನ್ ಎಂದರೆ ನಮ್ಮ ಕಾಡಿನ ಕಾಸರಕದ ಬೀಜದಲ್ಲಿರುವ ಕಡು ವಿಷ. ಅಂದು ಅದಕ್ಕೆ ನಿಷೇಧವಿರಲಿಲ್ಲ. ಅದು ನರಗಳನ್ನು ಎಬ್ಬಿಸುವ ಮದ್ದೆಂದೇ ನಂಬಿದ್ದರು. ಹಿಕ್ಸ್ ೩ ಗಂಟೆ ೨೮ ನಿಮಿಷ ೫೩ ಸೆಕೆಂಡಿನಲ್ಲಿ ಗೆದ್ದನೇನೋ ಹೌದು. ಆದರೆ ಗೆದ್ದವನನ್ನು ವೈದ್ಯರು ಉಪಚರಿಸಬೇಕಾಯಿತು.

ಹೀಗೆ ವಿಷದಲ್ಲಿ ಬಲವನ್ನು ಅರಸಿದ ಅದೇ ಶತಮಾನ, ತರಕಾರಿಯಲ್ಲಿದ್ದ ಒಂದು ಅಂಶವನ್ನು ಮಾತ್ರ ಸಂಶಯದ ಕಣ್ಣಿನಿಂದ ನೋಡಿತು. ಆ ಅಂಶವೇ ನೈಟ್ರೇಟ್. ಸಿಡಿಮದ್ದಿಗೆ ಬೇಕಾಗುವ ಪೆಟ್ಲುಪ್ಪು ಇದೇ ಕುಲಕ್ಕೆ ಸೇರಿದ್ದು. ಗಿಡಗಳು ಇದನ್ನು ಮಣ್ಣಿನಿಂದ ಹೀರಿಕೊಳ್ಳುತ್ತವೆ. ಬೀಟ್‌ರೂಟು, ಮೂಲಂಗಿ, ಪಾಲಕ್, ದಂಟಿನ ಸೊಪ್ಪು ಇವುಗಳಲ್ಲಿ ಅದು ಹೇರಳವಾಗಿದೆ. ೧೯೪೫ರಲ್ಲಿ ಅಮೆರಿಕದ ಅಯೋವ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ ಒಂದು ವರದಿಯನ್ನು ಪ್ರಕಟಿಸಿದರು. ನೈಟ್ರೇಟ್ ಹೆಚ್ಚಾಗಿದ್ದ ಬಾವಿಯ ನೀರಿನಲ್ಲಿ ಕಲಸಿದ ಹಾಲನ್ನು ಕುಡಿದ ಹಸುಳೆಗಳ ಮೈ ನೀಲಿಗಟ್ಟಿತ್ತು. ಅವುಗಳ ರಕ್ತಕ್ಕೆ ಆಮ್ಲಜನಕವನ್ನು ಹೊರುವ ಶಕ್ತಿ ಕುಂದಿತ್ತು. ಮುಂದೆ, ಉಪ್ಪು ಹಾಕಿ ಕಾದಿಟ್ಟ ಮಾಂಸದಲ್ಲಿ ಈ ಕುಲದ ಲವಣಗಳಿಂದ ಕ್ಯಾನ್ಸರ್ ತರುವ ಪದಾರ್ಥಗಳು ಹುಟ್ಟಬಹುದೆಂಬ ಭಯವೂ ಸೇರಿತು. ನೈಟ್ರೇಟಿಗೆ ಕೆಟ್ಟ ಹೆಸರು ಅಂಟಿತು.

ಆ ಹೆಸರನ್ನು ಸ್ವಲ್ಪ ತೊಳೆದದ್ದು ಇನ್ನೊಂದು ದಿಕ್ಕಿನಿಂದ ಬಂದ ಸಂಶೋಧನೆ. ವಾಹನಗಳ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ನಮ್ಮ ರಕ್ತನಾಳಗಳೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸುತ್ತವೆ, ಅದರಿಂದ ನಾಳಗಳು ಸಡಿಲಗೊಂಡು ರಕ್ತ ಸರಾಗವಾಗಿ ಹರಿಯುತ್ತದೆ ಎಂಬುದು ತಿಳಿದುಬಂತು. ಇದಕ್ಕಾಗಿ ಅಮೆರಿಕದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಮೂವರಿಗೆ ೧೯೯೮ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ೧೯೯೪ರಲ್ಲಿಯೇ ಸ್ವೀಡನ್ನಿನ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಬೇರೆಬೇರೆಯಾಗಿ ಮತ್ತೊಂದು ಸಂಗತಿಯನ್ನು ತೋರಿಸಿದ್ದರು: ಜೊಲ್ಲಿನ ಮೂಲಕ ಹೊಟ್ಟೆಗೆ ಇಳಿದ ನೈಟ್ರೈಟಿನಿಂದಲೂ ಇದೇ ಅನಿಲ ಹುಟ್ಟುತ್ತದೆ.

ಇದರ ದಾರಿ ಸ್ವಾರಸ್ಯವಾದದ್ದು. ನಾವು ತಿಂದ ನೈಟ್ರೇಟ್ ರಕ್ತಕ್ಕೆ ಸೇರುತ್ತದೆ. ಅದರ ಒಂದು ಪಾಲು ಮರಳಿ ಜೊಲ್ಲಿಗೆ ಬರುತ್ತದೆ. ನಾಲಗೆಯ ಮೇಲೆ ವಾಸಿಸುವ ಸೂಕ್ಷ್ಮ ಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದನ್ನು ನುಂಗಿದ ಮೇಲೆ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ೨೦೦೮ರಲ್ಲಿ ಲಂಡನ್ನಿನ ಸಂಶೋಧಕರು ಆರೋಗ್ಯವಂತರಿಗೆ ಅರ್ಧ ಲೀಟರ್ ಬೀಟ್‌ರೂಟ್ ರಸ ಕುಡಿಸಿ ನೋಡಿದರು. ಎರಡೂವರೆ ಮೂರು ಗಂಟೆಗಳಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಸುಮಾರು ೧೦ರಷ್ಟು ಇಳಿಯಿತು. ಜೊಲ್ಲನ್ನೆಲ್ಲ ನುಂಗದೆ ಉಗುಳಲು ಹೇಳಿದಾಗ, ಅದೇ ರಸದಿಂದ ಒತ್ತಡ ಹಾಗೆ ಇಳಿಯಲಿಲ್ಲ!

ಇಷ್ಟಾದ ಮೇಲೆ ಆಟದ ಬಯಲಿಗೆ ಬರೋಣ. ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ಆಮ್ಲಜನಕ ಬೇಕೇ ಬೇಕು, ಅದರಲ್ಲಿ ಉಳಿತಾಯವಿಲ್ಲ ಎಂಬುದು ಅಂಗಕ್ರಿಯಾ ಶಾಸ್ತ್ರದ ಹಳೆಯ ಪಾಠ. ೨೦೦೭ರಲ್ಲಿ ಸ್ಟಾಕ್‌ಹೋಮಿನ ವಿಜ್ಞಾನಿಗಳು ಚೆನ್ನಾಗಿ ಪಳಗಿದ ಒಂಬತ್ತು ಮಂದಿಗೆ ಮೂರು ದಿನ ಸೋಡಿಯಂ ನೈಟ್ರೇಟ್ ಕೊಟ್ಟು ಸೈಕಲ್ ತುಳಿಸಿದರು. ಅಷ್ಟೇ ಕೆಲಸಕ್ಕೆ ಅವರು ಬಳಸಿದ ಆಮ್ಲಜನಕ ಕಡಮೆಯಾಗಿತ್ತು. ೨೦೦೯ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾನಿಲಯದ ಸ್ಟೀಫನ್ ಬೈಲಿ, ಆಂಡ್ರ್ಯೂ ಜೋನ್ಸ್ ಮತ್ತು ಸಂಗಡಿಗರು ಲವಣದ ಬದಲು ಬೀಟ್‌ರೂಟ್ ರಸವನ್ನೇ ತೆಗೆದುಕೊಂಡರು. ಎಂಟು ಮಂದಿ, ದಿನಕ್ಕೆ ಅರ್ಧ ಲೀಟರ್, ಆರು ದಿನ. ಕಠಿಣವಾಗಿ ಸೈಕಲ್ ತುಳಿಯುತ್ತ ಮೊದಲು ೫೮೩ ಸೆಕೆಂಡಿಗೆ ಸೋತು ನಿಲ್ಲುತ್ತಿದ್ದವರು, ರಸ ಕುಡಿದಾಗ ೬೭೫ ಸೆಕೆಂಡು ನಿಂತರು.

ಶೇಕಡ ೧೬ರಷ್ಟು ಲಾಭವಲ್ಲವೆ ಎಂದು ಹಿಗ್ಗಬೇಡಿ. ಸೋಲುವ ತನಕ ತುಳಿಯುವುದು ಬೇರೆ, ಪಂದ್ಯದಲ್ಲಿ ಗುರಿ ಮುಟ್ಟುವುದು ಬೇರೆ. ಅದೇ ಎಕ್ಸಿಟರಿನವರು ೨೦೧೧ರಲ್ಲಿ, ನೈಟ್ರೇಟನ್ನು ತೆಗೆದ ರಸವನ್ನು ಹೋಲಿಕೆಗೆ ಇಟ್ಟುಕೊಂಡು, ಸಂಘಮಟ್ಟದ ಸೈಕಲ್ ಪಟುಗಳನ್ನು ಪರೀಕ್ಷಿಸಿದರು. ೪ ಕಿಲೋಮೀಟರಿನಲ್ಲಿ ಶೇಕಡ ೨.೮, ೧೬.೧ ಕಿಲೋಮೀಟರಿನಲ್ಲಿ ಶೇಕಡ ೨.೭ ಸುಧಾರಣೆ ಕಂಡಿತು. ೨೦೧೨ರಲ್ಲಿ ಹೆಚ್ಚು ಪಳಗಿದವರಿಂದ ೫೦ ಮೈಲಿ ಸೈಕಲ್ ತುಳಿಸಿದಾಗ ಸಿಕ್ಕ ಲಾಭ ಶೇಕಡ ೦.೮ ಮಾತ್ರ, ಅಷ್ಟು ಅಂತರ ಆಕಸ್ಮಿಕವಾಗಿಯೂ ಬಂದೀತು. ಸಾಧಾರಣ ಆಟಗಾರನಿಗೆ ಸಿಗುವಷ್ಟು ಪ್ರಯೋಜನ ಪಳಗಿದ ವೀರನಿಗೆ ಸಿಗದೆಂದು ಬೇರೆ ಪರೀಕ್ಷೆಗಳೂ ಸೂಚಿಸಿವೆ. ಆದರೂ ೨೦೧೮ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು, ಆಧಾರವುಳ್ಳ ಬೆರಳೆಣಿಕೆಯ ಪೂರಕಗಳಲ್ಲಿ ಕೆಫೀನಿನ ಜೊತೆಗೆ ನೈಟ್ರೇಟನ್ನೂ ಸೇರಿಸಿದರು. ಅಂಗಡಿಯ ಡಬ್ಬಿಗಳಲ್ಲಿ ಬಹುಪಾಲಿಗೆ ಆ ಭಾಗ್ಯ ಒದಗಲಿಲ್ಲ.

ಹಾಗಾದರೆ ನಿಮ್ಮ ಮನೆಯ ಮಾತೇನು? ರಸದ ಪ್ರಭಾವ ಕುಡಿದ ಎರಡು ಮೂರು ಗಂಟೆಗಳಲ್ಲಿ ಮೇಲೇರುತ್ತದೆ. ಓಟದ ಗೆರೆಯಲ್ಲಿ ನಿಂತು ಗುಟುಕರಿಸಿದರೆ ಫಲವಿಲ್ಲ. ಕ್ರಿಮಿನಾಶಕ ದ್ರವದಿಂದ ಬಾಯಿ ಮುಕ್ಕಳಿಸಿದರೆ ನಾಲಗೆಯ ಆ ಉಪಕಾರಿ ಜೀವಿಗಳೇ ನಾಶವಾಗಿ, ಕುಡಿದದ್ದು ವ್ಯರ್ಥವಾಗುತ್ತದೆ. ನೈಟ್ರೇಟ್ ನೀರಿನಲ್ಲಿ ಕರಗುವುದರಿಂದ, ಸೊಪ್ಪು ಬೇಯಿಸಿದ ನೀರನ್ನು ಬಸಿದು ಚೆಲ್ಲದೆ ಸಾರಿಗೆ ಬಳಸುವ ಗೃಹಿಣಿ ಜಾಣೆ. ಮರುದಿನ ಮೂತ್ರ ಕೆಂಪಾಗಿ ಕಂಡರೆ ಗಾಬರಿ ಬೇಡ. ಅದು ಬೀಟ್‌ರೂಟಿನ ಬಣ್ಣ. ಆದರೆ ರಕ್ತದೊತ್ತಡಕ್ಕೆ ಔಷಧಿ ಸೇವಿಸುವವರೂ, ಮೂತ್ರಪಿಂಡದಲ್ಲಿ ಕಲ್ಲು ಆದವರೂ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಹಸುಳೆಗಳಿಗಂತೂ ಕೊಡಲೇಬಾರದು.

ಇನ್ನೊಂದು ಎಚ್ಚರ. ತರಕಾರಿಯ ರಸವೆಂದರೆ ಎಲ್ಲವೂ ಒಂದೇ ಅಲ್ಲ. ಕ್ಯಾರೆಟ್ಟಿನಲ್ಲಿ ನೈಟ್ರೇಟ್ ಕಡಮೆ; ಅದರ ರಸ ಕಣ್ಣಿಗೆ ಹಿತವಾದೀತೇ ಹೊರತು ಬೀಟ್‌ರೂಟಿನ ಕೆಲಸ ಮಾಡದು. ಕಹಿ ಸೋರೆಕಾಯಿಯ ರಸವಂತೂ ವಿಷ. ಅದನ್ನು ಕುಡಿದು ನಮ್ಮ ದೇಶದಲ್ಲಿಯೇ ಪ್ರಾಣ ಕಳೆದುಕೊಂಡವರಿದ್ದಾರೆ. ಗಿಡದಿಂದ ಬಂದದ್ದೆಲ್ಲ ಅಮೃತವಲ್ಲ. ಹಿಕ್ಸನಿಗೆ ಕೊಟ್ಟ ಸ್ಟ್ರಿಕ್ನೀನೂ ಗಿಡದಿಂದಲೇ ಬಂದದ್ದು.

ಮುಂದಿನ ಕ್ರೀಡಾಕೂಟಕ್ಕೆ ಹುಡುಗನೋ ಹುಡುಗಿಯೋ ಸಿದ್ಧವಾಗುತ್ತಿದ್ದರೆ, ಬೆಳಗಿನ ಅಭ್ಯಾಸ, ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಇವನ್ನು ಮೊದಲು ನೋಡಿಕೊಳ್ಳಿ. ಅವೆಲ್ಲ ನೆಟ್ಟಗಿದ್ದರೆ ಬೀಟ್‌ರೂಟಿನ ರಸ ನೂರು ಹೆಜ್ಜೆಯಲ್ಲಿ ಒಂದೆರಡು ಹೆಜ್ಜೆಯ ಸಹಾಯ ಮಾಡೀತು. ಅದನ್ನು ಪಂದ್ಯದ ದಿನವೇ ಮೊದಲ ಸಲ ಕುಡಿಸದೆ, ಅಭ್ಯಾಸದ ದಿನವೊಂದರಲ್ಲಿ ಕೊಟ್ಟು, ಹೊಟ್ಟೆಗೆ ಒಗ್ಗುವುದೆ ಎಂದು ನೋಡಿಕೊಳ್ಳಿ.